ಇಪ್ಪತ್ತು ಡಿಗ್ರಿ ಕಡಿಮೆ

ಕಳೆದ ತಿಂಗಳು ಅಕ್ಕಿಹೆಬ್ಬಾಳಿನ ಹೊಳೆ ಪಕ್ಕದ ಗದ್ದೆಯಲ್ಲಿ ಭತ್ತ ಕಟಾವು ಮಾಡುವ ಯಂತ್ರವೊಂದು ಕೆಟ್ಟು ನಿಂತಿತ್ತು. ನೋಡಲು ಹೋಗಿದ್ದೆ. ಆಯಿಲ್ ಪೈಪು ಬಿರುಕು ಬಿಟ್ಟು, ಕಾದ ಎಣ್ಣೆ ಸೈಲೆನ್ಸರ್ ಮೇಲೆ ತೊಟ್ಟಿಕ್ಕುತ್ತಿತ್ತು. ಡ್ರೈವರು ಆ ಪೈಪನ್ನು ಬರಿಗೈಯಲ್ಲಿ ಒತ್ತಿ ಹಿಡಿಯಲು ಹೋದ. ನಾನು ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ ರಭಸಕ್ಕೆ ಅವನು ಕೆಸರಿಗೆ ಬಿದ್ದ.

"ಇಷ್ಟಕ್ಯಾಕಣ್ಣ ಇಂಗೆ ಎಳೀತೀಯ," ಎಂದು ಎದ್ದು ಪ್ಯಾಂಟು ಒದರಿಕೊಂಡ.

ಸುಟ್ಟ ಎಣ್ಣೆಯ ವಾಸನೆ ಮೂಗಿಗೆ ಬಡಿದಿತ್ತು. ಅದರ ಜೊತೆಗೆ ಏಳು ವರ್ಷದ ಹಿಂದಿನ ಬೇಸಿಗೆಯೂ ಎದುರಿಗೆ ಬಂದು ನಿಂತಿತ್ತು. ಆ ಬೇಸಿಗೆಯ ಕಥೆಯನ್ನು ನಾನು ಹಲವರಿಗೆ ಹೇಳಿದ್ದೇನೆ. ಪ್ರತಿ ಸಲವೂ ಒಂದು ಸಂಗತಿಯನ್ನು ಬಿಟ್ಟು ಹೇಳಿದ್ದೇನೆ.

ನಮ್ಮದು ಕಮ್ಮಾರರ ಮನೆತನ. ಅಪ್ಪನ ಕಾಲಕ್ಕೆ ಕುಲುಮೆ ಆರಿತು. ನಾನು ಡಿಪ್ಲೊಮಾ ಓದಿ ಪಾಂಡವಪುರದಲ್ಲಿ ಲೇತ್ ಅಂಗಡಿ ಇಟ್ಟೆ. ನನ್ನ ಅಕ್ಕನ ಗಂಡ ವೀರಭದ್ರಾಚಾರಿ, ಊರವರ ಬಾಯಲ್ಲಿ ಭದ್ರಣ್ಣ, ಶ್ರೀರಂಗಪಟ್ಟಣದ ರೈಲ್ವೆ ಸ್ಟೇಷನ್ ಹತ್ತಿರ ಗ್ಯಾರೇಜು ನಡೆಸುತ್ತಿದ್ದ. ನನ್ನ ಕೈಗೆ ಮೊದಲು ಸ್ಪ್ಯಾನರ್ ಕೊಟ್ಟವನು ಅವನೇ. ಓದಿದ್ದು ಏಳನೇ ಕ್ಲಾಸು. ಆದರೆ ಓಡುತ್ತಿರುವ ಇಂಜಿನ್ನಿನ ಮೇಲೆ ಬಲಗೈಯ ನಡುಬೆರಳನ್ನು ಒಂದು ಕ್ಷಣ ತಾಗಿಸಿ ತೆಗೆದನೆಂದರೆ ಎಷ್ಟು ಡಿಗ್ರಿ ಕಾದಿದೆ ಎಂದು ಹೇಳಿಬಿಡುತ್ತಿದ್ದ. ಎಂಬತ್ತೋ, ತೊಂಬತ್ತೋ, ನೂರು ದಾಟಿತೋ. ಐದು ಡಿಗ್ರಿ ಆಚೀಚೆ ಆದದ್ದನ್ನು ನಾನು ಕಂಡಿಲ್ಲ. ಕುಲುಮೆಯಲ್ಲಿ ಬೆಳೆದ ಕೈ. ಅದನ್ನು ಅವನು ವಿದ್ಯೆ ಅಂದುಕೊಂಡಿರಲಿಲ್ಲ, ಯಾರಾದರೂ ಹೊಗಳಿದರೆ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಧನಂಜಯಣ್ಣನ ಕಾರು ಬಂತು. ಧನಂಜಯಣ್ಣ ಚಿನಕುರಳಿ ಕಡೆ ಜಲ್ಲಿ ಕ್ರಷರ್ ಇಟ್ಟಿದ್ದವನು, ನಮ್ಮ ಕಡೆಯ ದೊಡ್ಡ ಕುಳ. ಕಾರು ಹಳೇ ಕಾಲದ ಜರ್ಮನ್ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಅಂಟಿದಂಥ ಮೈ, ತೊಂಡೆಹಣ್ಣಿನ ಬಣ್ಣ, ಇಂಜಿನ್ನು ಹಿಂದುಗಡೆ. ಕೊಯಮತ್ತೂರಿನಿಂದ ಲಾರಿಯ ಮೇಲೆ ಬಂದ ಅದನ್ನು ಇಳಿಸಿದ ದಿನ ಭಾವ ಅದರ ಸುತ್ತ ಮೂರು ಸುತ್ತು ಬಂದು, ಹಿಂದಿನ ಮುಚ್ಚಳ ಎತ್ತಿ, ಬಹಳ ಹೊತ್ತು ಸುಮ್ಮನೆ ನೋಡಿದ.

"ಇದ್ಕೆ ನೀರೇ ಇಲ್ಲ ಕಣ್ಲಾ ಸೋಮ," ಎಂದ. "ಎಣ್ಣೆನೇ ಇದ್ರ ನೀರು, ಎಣ್ಣೆನೇ ಇದ್ರ ರಕ್ತ."

ಅವನು ಹೇಳಿದ್ದು ಸರಿ. ರೇಡಿಯೇಟರ್ ಇಲ್ಲದ ಇಂಜಿನ್ನು ಅದು. ಒಂದು ಫ್ಯಾನು ಗಾಳಿ ಊದುತ್ತದೆ. ಗಾಳಿ ಒಯ್ಯಲಾರದೆ ಉಳಿದ ಬಿಸಿಯನ್ನು ಒಂಬತ್ತು ಲೀಟರಿನಷ್ಟು ಎಣ್ಣೆ ಹೊತ್ತುಕೊಂಡು, ಉದ್ದದ ಪೈಪುಗಳಲ್ಲಿ ಹರಿದು, ಮುಂದಿನ ಚಕ್ರದ ಪಕ್ಕದ ಕೂಲರಿನಲ್ಲಿ ತಣಿದು ವಾಪಸ್ಸು ಬರಬೇಕು. ತೊಂಬತ್ತು, ನೂರು ಡಿಗ್ರಿಯಲ್ಲಿ ಅದು ಸುಖವಾಗಿರುತ್ತದೆ. ನೂರಿಪ್ಪತ್ತು ದಾಟಿದರೆ ಎಣ್ಣೆ ನೀರಿನಂತೆ ತೆಳ್ಳಗಾಗುತ್ತದೆ. ಆಮೇಲೆ ಒಳಗೆ ಕಬ್ಬಿಣ ಕಬ್ಬಿಣವನ್ನು ತಿನ್ನಲು ಶುರು ಮಾಡುತ್ತದೆ. ಚಳಿ ದೇಶಕ್ಕೆ ಕಟ್ಟಿದ ಗಾಡಿ, ನಮ್ಮ ಮಾರ್ಚ್ ತಿಂಗಳ ಬಿಸಿಲಿಗೆ ಅದು ಹೇಳಿಸಿದ್ದಲ್ಲ.

ಮೊದಲ ಎರಡು ತಿಂಗಳು ನಾವಿಬ್ಬರೂ ಆ ಬಿಸಿಯ ಹಿಂದೆ ಬಿದ್ದಿದ್ದೆವು. ನನ್ನ ಬದುಕಿನಲ್ಲಿ ಅಷ್ಟು ಒಳ್ಳೆಯ ಕೆಲಸದ ದಿನಗಳು ಮತ್ತೆ ಬರಲಿಲ್ಲ. ಇಂಜಿನ್ನಿನ ಸುತ್ತ ಇರಬೇಕಾದ ರಬ್ಬರ್ ಪಟ್ಟಿ ಕೊಳೆತು ಉದುರಿತ್ತು, ಕೆಳಗಿನ ಬಿಸಿಗಾಳಿ ಸಂದಿಯಿಂದ ಮೇಲೆ ಬಂದು ಮತ್ತೆ ಫ್ಯಾನಿಗೇ ಹೋಗುತ್ತಿತ್ತು. ಭಾವ ಟ್ರಾಕ್ಟರ್ ಟ್ಯೂಬನ್ನು ಅಳತೆಗೆ ಕತ್ತರಿಸಿ ಸುತ್ತಲೂ ಕೂರಿಸಿದ. ನಾಗಮಂಗಲದ ಕಡೆ ರಸ್ತೆಯ ಮೇಲೆ ಹುರುಳಿ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಒಂದು ದಿನ ಅದರ ಮೇಲೆ ಓಡಿಸಿಕೊಂಡು ಬಂದದ್ದಕ್ಕೆ ಹುರುಳಿಯ ಹೊಟ್ಟು ಫ್ಯಾನಿನೊಳಗೆ ಹೋಗಿ ಕೂಲರಿನ ಸಂದುಗಳನ್ನು ತುಂಬಿಕೊಂಡಿತ್ತು. ಅಕ್ಕನ ರಂಗೋಲಿ ಬ್ರಷ್ಷು ತಂದು ಒಂದೊಂದೇ ಸಂದನ್ನು ಬಿಡಿಸಿದೆವು. ಬೆಲ್ಟು ಬಿಗಿ ಮಾಡಿದೆವು. ಎಣ್ಣೆಯ ಮಟ್ಟವನ್ನು ಇಂಜಿನ್ನು ಕಾದು ಓಡುತ್ತಿರುವಾಗಲೇ, ಸಮತಟ್ಟಾದ ನೆಲದಲ್ಲೇ ನೋಡಬೇಕೆಂದು ಕಲಿತೆವು. ಭಾವನ ಬೆರಳಿನ ಲೆಕ್ಕದಲ್ಲಿ ನೂರಿಪ್ಪತ್ತೈದು ಮುಟ್ಟುತ್ತಿದ್ದದ್ದು ನೂರಹತ್ತಕ್ಕೆ ಇಳಿಯಿತು.

ಉಳಿದದ್ದು ಓಡಿಸುವವನ ಕಾಲಿನಲ್ಲಿತ್ತು. ಧನಂಜಯಣ್ಣನಿಗೆ ಊರೊಳಗೆ ಟಾಪ್ ಗೇರಿನಲ್ಲಿ ನಿಧಾನಕ್ಕೆ, ನಾಲ್ಕು ಜನ ನೋಡುವಂತೆ ಹೋಗುವ ಚಟ. ಭಾವ ಕೈ ಕಟ್ಟಿಕೊಂಡು ಹೇಳುತ್ತಿದ್ದ: "ಗೌಡ್ರೆ, ಗೇರು ಇಳ್ಸಿ ಇಂಜಿನ್ನ ವಸಿ ಜೋರಾಗಿ ತಿರುಗ್ಸಬೇಕು. ಅದು ತಿರುಗುದ್ರೆ ಫ್ಯಾನು ತಿರುಗ್ತದೆ. ನೀವು ಟಾಪಲ್ಲಿ ಎಳುದ್ರೆ ಗಾಳಿ ಇಲ್ದೆ ಬೇಯ್ತದೆ."

"ನನ್ ಗಾಡಿ ಎಂಗೋಡಿಸ್ಬೇಕು ಅಂತ ನೀನು ಯೋಳ್ಕೊಡ್ತೀಯೇನ್ಲಾ ಆಚಾರಿ," ಎಂದು ಅವನು ನಗುತ್ತಿದ್ದ.

ಅವನ ನಗುವಿನ ಬಗ್ಗೆ ಹೇಳಬೇಕು. ಧನಂಜಯಣ್ಣ ಯಾರ ಮೇಲೂ ಕೂಗಾಡಿದವನಲ್ಲ. ತಡವಾಗಿ ಬಂದ ಲಾರಿ ಡ್ರೈವರನನ್ನು ಅಂಗಳದ ಬಿಸಿಲಿನಲ್ಲಿ ಚಪ್ಪಲಿ ಬಿಡಿಸಿ ನಿಲ್ಲಿಸಿಕೊಂಡು, ತಾನು ನೆರಳಿನಲ್ಲಿ ಕೂತು ಎಳನೀರು ಕುಡಿಯುತ್ತಾ, "ಮನೇಲೆಲ್ಲ ಚೆನ್ನಾಗವ್ರ? ಎಂಡ್ರು ಮಕ್ಕಳು?" ಎಂದು ಹತ್ತು ನಿಮಿಷ ಕಷ್ಟಸುಖ ವಿಚಾರಿಸುತ್ತಿದ್ದ. ಡ್ರೈವರು ಕಾಲು ಬದಲಿಸುತ್ತಾ ಉತ್ತರ ಹೇಳಬೇಕು. ನೋಡುತ್ತಿದ್ದವರು ನಗಬೇಕು. ನಾನೂ ನಕ್ಕಿದ್ದೇನೆ.

ಭಾವನ ಬೆರಳಿನ ಸಂಗತಿ ಗೊತ್ತಾದ ಮೇಲೆ ಅವನಿಗೆ ಹೊಸ ಆಟ ಸಿಕ್ಕಿತು. ಮೈಸೂರಿನಿಂದ ಸ್ನೇಹಿತರು ಬಂದಾಗಲೆಲ್ಲ ಕಾರನ್ನು ಓಡಿಸಿ ತಂದು ನಿಲ್ಲಿಸಿ, ಮುಚ್ಚಳ ಎತ್ತಿಸಿ, "ನಮ್ ಆಚಾರಿ ಬೆರಳೇ ಮೀಟರ್ ಕಣ್ರಿ. ಮುಟ್ಲಾ, ಎಷ್ಟದೆ ಯೋಳು," ಎನ್ನುತ್ತಿದ್ದ. ಭಾವ ಆಯಿಲ್ ಫಿಲ್ಟರಿನ ಡಬ್ಬಿಗೆ ಬೆರಳು ತಾಗಿಸಿ ಹೇಳುತ್ತಿದ್ದ. ಕಾರಿನ ಹಳೆಯ ಮೀಟರಿನಲ್ಲಿ ಅಂಕಿ ಇರಲಿಲ್ಲ, ಬರೀ ಗೆರೆಗಳು, ಹಾಗಾಗಿ ಯಾರೂ ತಾಳೆ ನೋಡುವಂತಿರಲಿಲ್ಲ. ಬಂದವರು ಚಪ್ಪಾಳೆ ತಟ್ಟುತ್ತಿದ್ದರು. ಇನ್ನೊಮ್ಮೆ ಮುಟ್ಟಿಸುತ್ತಿದ್ದರು. ಭಾವನ ಬೆರಳ ತುದಿ ಗಟ್ಟಿ ಕಟ್ಟಿ ಹೊಳೆಯುತ್ತಿತ್ತು.

"ಯಾಕೆ ಭಾವ ಮುಟ್ತೀಯ? ಆಗಲ್ಲ ಅನ್ನು," ಎಂದೆ ಒಮ್ಮೆ.

"ಎಂಥಾ ಗಾಡಿ ಕೈಗ್ ಕೊಟ್ಟವ್ರೆ ಕಣ್ಲಾ," ಎಂದ. "ಅದ್ರ ಮುಂದೆ ಇದೇನು."

ನನಗೆ ಅವನ ಬೆರಳಿನ ಚಿಂತೆ ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಅಂಗಳದಲ್ಲಿ ನನ್ನನ್ನು ಯಾರೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಪೈಪಿನ ಜೋಡಣೆಗಳನ್ನು ಲೇತಿನಲ್ಲಿ ಕಡೆದು ಕೂರಿಸಿದ್ದು ನಾನು, ತೂತು ಬಿದ್ದಿದ್ದ ಕೂಲರನ್ನು ಬೆಸೆದದ್ದು ನಾನು. ಬಂದವರು ಮಾತಾಡುತ್ತಿದ್ದದ್ದು ಭಾವನ ಬೆರಳಿನ ಬಗ್ಗೆ. ಒಮ್ಮೆಯಾದರೂ ಆ ಬೆರಳು ಸುಳ್ಳಾಗಲಿ ಎನ್ನುವ ಆಸೆ ನನ್ನಲ್ಲಿ ಯಾವಾಗ ಹುಟ್ಟಿತೋ ಗೊತ್ತಿಲ್ಲ. ಹುಟ್ಟಿತ್ತು.

ಯುಗಾದಿಯ ಹೊತ್ತಿಗೆ ನಾನೇ ಧನಂಜಯಣ್ಣನ ಹತ್ತಿರ ಹೋಗಿ, "ಅಂಕಿ ಇರೋ ಮೀಟರು ಹಾಕ್ತೀನಿ ಅಣ್ಣ. ಆಗ ಯಾರ ಕೈನೂ ಬೇಡ," ಎಂದೆ. ಅವನು ಖುಷಿಯಾಗಿ ಒಪ್ಪಿದ. ಬೆಂಗಳೂರಿನಿಂದ ಮೀಟರು ತಂದೆ. ಅದಕ್ಕೆ ಬಿಸಿಯನ್ನು ತಿಳಿಸುವ ಸೆನ್ಸರು ಮಾತ್ರ ಸರಿಯಾದದ್ದು ಸಿಗಲಿಲ್ಲ, ಬೇರೆ ಗಾಡಿಯದನ್ನು ತಿರುಪಿನ ಥ್ರೆಡ್ಡು ಹೊಂದಿಸಿ ಕೂರಿಸಿದೆ. ಎಲ್ಲರ ಎದುರು ಮುಳ್ಳು ಮೇಲೇರಿತು. ಧನಂಜಯಣ್ಣ ನನ್ನ ಬೆನ್ನು ತಟ್ಟಿ, "ಇದು ಓದ್ದೋನ್ ಕೆಲ್ಸ," ಎಂದ. ಭಾವನೂ ಅಲ್ಲೇ ಇದ್ದ.

ಮಾರನೇ ದಿನ ನನಗೇ ಅನುಮಾನ ಬಂದು, ಮೀಟರನ್ನೂ ಸೆನ್ಸರನ್ನೂ ಬಿಚ್ಚಿ ತಂದು ಅಂಗಡಿಯ ಸ್ಟೌವಿನ ಮೇಲೆ ಎಣ್ಣೆ ಕಾಯಿಸಿ ಸೆನ್ಸರನ್ನು ಅದರಲ್ಲಿ ಇಳಿಬಿಟ್ಟೆ. ಕಾಲೇಜಿನ ಲ್ಯಾಬಿನಲ್ಲಿದ್ದ ಗೆಳೆಯನಿಂದ ಗಾಜಿನ ಥರ್ಮಾಮೀಟರು ತಂದಿದ್ದೆ. ಗಾಜು ನೂರು ತೋರಿಸಿದಾಗ ನನ್ನ ಮೀಟರು ಎಂಬತ್ತರಲ್ಲಿತ್ತು. ಗಾಜು ನೂರಿಪ್ಪತ್ತು ತೋರಿಸಿದಾಗ ನನ್ನದು ನೂರು. ಇಪ್ಪತ್ತು ಡಿಗ್ರಿ ಕಡಿಮೆ. ಮೂರು ಸಲ ಕಾಯಿಸಿ ನೋಡಿದೆ, ಮೂರು ಸಲವೂ ಅಷ್ಟೇ.

ಅಂದೇ ಹೋಗಿ ಹೇಳಬಹುದಿತ್ತು. ಬೆನ್ನು ತಟ್ಟಿಸಿಕೊಂಡು ಇನ್ನೂ ಒಂದು ದಿನವಾಗಿರಲಿಲ್ಲ. ಸರಿಯಾದ ಸೆನ್ಸರು ಹದಿನೈದು ದಿನದಲ್ಲಿ ಬರುತ್ತದೆ, ಸದ್ದಿಲ್ಲದೆ ಬದಲಾಯಿಸಿದರಾಯಿತು ಎಂದುಕೊಂಡು ಹಳೆಯದನ್ನೇ ಮತ್ತೆ ಕೂರಿಸಿದೆ.

ಭಾವ ಕಾರನ್ನು ಒಂದು ಸುತ್ತು ಓಡಿಸಿ ತಂದ. ಮೀಟರಿನಲ್ಲಿ ತೊಂಬತ್ತು. ಇಳಿದು ಬೆರಳು ತಾಗಿಸಿ ನೋಡಿದ. ನನ್ನ ಮುಖ ನೋಡಿದ.

"ಸೋಮ, ಇದು ಕಮ್ಮಿ ತೋರ್ಸ್ತಾ ಅದೆ. ಒಳ್ಗೆ ನೂರಹತ್ತಕ್ಕೆ ಬಂದದೆ. ಕಾಯ್ಸಿ ನೋಡಿದ್ಯೇನ್ಲಾ?"

"ನೋಡಿದೀನಿ ಭಾವ. ಸರಿಯಾಗದೆ."

"ಸರಿಯಾಗದಾ?"

"ಸರಿಯಾಗದೆ."

ಅವನು ಮುಚ್ಚಳ ಹಾಕಿದ.

ಸರಿಯಾದ ಸೆನ್ಸರು ಹೇಳಿದ ದಿನಕ್ಕೆ ಬರಲಿಲ್ಲ. ಏಪ್ರಿಲ್ ಕೊನೆಯ ಭಾನುವಾರ ಧನಂಜಯಣ್ಣ ನಾಗಮಂಗಲಕ್ಕೆ ಹೋಗಿ ಕೆ.ಆರ್. ಪೇಟೆಯ ಮೇಲೆ ವಾಪಸ್ಸು ಬರುವ ಸವಾರಿ ಇಟ್ಟುಕೊಂಡ. ಮೈಸೂರಿನ ಇಬ್ಬರು ಸ್ನೇಹಿತರು ತಮ್ಮ ಜೀಪಿನಲ್ಲಿ ಹಿಂದೆ ಬರುವವರು, ಅದರಲ್ಲಿ ಭಾವ ಮತ್ತು ನಾನು. ಬೆಳಗ್ಗೆ ಆರಕ್ಕೇ ಹೊರಡೋಣ, ತಂಪಿರುತ್ತದೆ ಎಂದು ಭಾವ ಹೇಳಿದ್ದ. ಹೊರಟಾಗ ಹನ್ನೊಂದಾಗಿತ್ತು. ಮಳೆ ಒಂದು ಹನಿಯೂ ಬಿದ್ದಿರಲಿಲ್ಲ. ಜಕ್ಕನಹಳ್ಳಿ ದಾಟುವಷ್ಟರಲ್ಲಿ ಟಾರು ಕರಗಿ ಚಕ್ರಕ್ಕೆ ಅಂಟುವ ಸದ್ದು ಕೇಳುತ್ತಿತ್ತು. ಏರಿನಲ್ಲಿ ಕಬ್ಬಿನ ಲಾರಿಯೊಂದರ ಹಿಂದೆ ಧನಂಜಯಣ್ಣ ಟಾಪ್ ಗೇರಿನಲ್ಲೇ ಎಳೆದುಕೊಂಡು ಹೋಗುತ್ತಿದ್ದದ್ದು ಜೀಪಿನಿಂದ ಕಾಣುತ್ತಿತ್ತು. ಭಾವ ಸೀಟಿನ ತುದಿಗೆ ಸರಿದು ಕೂತ.

"ಗೇರಿಳ್ಸಿ ಗೌಡ್ರೆ, ಗೇರಿಳ್ಸಿ," ಎಂದು ತನ್ನಷ್ಟಕ್ಕೇ ಅನ್ನುತ್ತಿದ್ದ. ಜೀಪಿನವರು ಅದನ್ನು ಕೇಳಿ ನಕ್ಕರು.

ನಾಗಮಂಗಲ ಇನ್ನೂ ಕೆಲವು ಮೈಲಿ ಇರುವಾಗ ರಸ್ತೆ ಬದಿಯ ಹೋಟೆಲೊಂದರ ಮುಂದೆ ನಿಂತೆವು. ಹುಣಸೆಮರದ ಕೆಳಗೆ ಬೆಂಚು ಹಾಕಿದ್ದರು. ಭಾವ ಓಡಿಹೋಗಿ ಮುಚ್ಚಳ ಎತ್ತಿ ಬೆರಳು ತಾಗಿಸಿ, ತೆಗೆದು, ಬಾಯಲ್ಲಿಟ್ಟುಕೊಂಡ. ಹಾಗೆ ಅವನು ಎಂದೂ ಮಾಡಿದ್ದಿಲ್ಲ.

"ಗೌಡ್ರೆ, ನೂರ ಮೂವತ್ತಕ್ಕೆ ಬಂದುಬುಟ್ಟದೆ. ಈಗ ಓಡ್ಸಬೇಡಿ. ವಸಿ ಹೊತ್ತು ಸುಮ್ಕೆ ಓಡ್ತಾ ನಿಲ್ಲಿ, ಫ್ಯಾನು ತಿರುಗ್ಲಿ, ಆಮೇಲೆ ಆರ್ಸಿ. ಬಿಸಿಲು ಇಳಿದ್ಮೇಲೆ ಹೋಗಣ."

ಧನಂಜಯಣ್ಣ ಕಾರಿನೊಳಗೆ ಬಗ್ಗಿ ನೋಡಿದ. "ನೂರಹತ್ತು ತೋರಿಸ್ತಾ ಅದಲ್ಲೋ."

"ಮೀಟರು ಕಮ್ಮಿ ತೋರ್ಸ್ತದೆ."

"ಯಾರಂದೋರು?"

"ನನ್ ಕೈ."

ಬೆಂಚಿನ ಮೇಲಿದ್ದ ಇಬ್ಬರು ಸ್ನೇಹಿತರು ಎದ್ದು ಬಂದರು. ಧನಂಜಯಣ್ಣ ಮುಗುಳ್ನಗುತ್ತಾ ನನ್ನ ಕಡೆ ತಿರುಗಿದ. "ಏನಪ್ಪ ಸೋಮಾಚಾರಿ, ನಿನ್ ಮೀಟರ್ ಸುಳ್ಳಂತೆ, ನಿಮ್ ಭಾವ ಯೋಳ್ತಾವ್ನೆ. ಏನಂತೀಯ?"

ಮೂವರೂ ನನ್ನನ್ನು ನೋಡುತ್ತಿದ್ದರು. ಭಾವ ನನ್ನನ್ನು ನೋಡಲಿಲ್ಲ, ಇಂಜಿನ್ನನ್ನೇ ನೋಡುತ್ತಿದ್ದ.

"ಮೀಟರು ಸರಿಯಾಗದೆ ಅಣ್ಣ," ಎಂದೆ.

"ಕೇಳ್ದೇನ್ಲಾ ಆಚಾರಿ? ಸುಮ್ಕೆ ಬೆರಳ ತುದಿ ತಾಗ್ಸುದ್ರೆ ಎಂಗೆ ಗೊತ್ತಾಯ್ತದೆ. ಪೂರಾ ಕೈ ಇಟ್ಟು ನೋಡು. ನಿಧಾನಕ್ಕೆ ನೋಡಿ ಯೋಳು. ನೂರ ಮೂವತ್ತು ಅಂತ ಆಣೆ ಮಾಡಂಗಿದ್ರೆ ಸಂಜೆಗಂಟ ಇಲ್ಲೇ ಕುಂತಿರ್ತೀನಿ, ಗಾಡಿ ಮುಟ್ಟಕ್ಕಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಎಳನೀರು ಕುಡಿಯುತ್ತಾ ಮಾತಾಡುತ್ತಿದ್ದನಲ್ಲ, ಅದೇ ದನಿ. ಯಾರಾದರೂ ಕೈ ಇಡುತ್ತಾರೆಂದು ಅವನೂ ಅಂದುಕೊಂಡಿರಲಿಲ್ಲವೇನೋ. ಭಾವ ತಮಾಷೆ ಮಾಡಿ ಹಿಂದೆ ಸರಿಯುತ್ತಾನೆ, ಎಲ್ಲರೂ ನಗುತ್ತಾರೆ ಎಂದು ನಾನೂ ಅಂದುಕೊಂಡೆ.

ಭಾವ ಬಲ ಅಂಗೈಯನ್ನು ಫಿಲ್ಟರಿನ ಡಬ್ಬಿಯ ಮೇಲೆ ಪೂರ್ತಿಯಾಗಿ ಇಟ್ಟ. ಇಟ್ಟು, ಒತ್ತಿ ಹಿಡಿದ. ತಲೆ ಎತ್ತಿ ನನ್ನನ್ನು ನೋಡಿದ.

ಎಷ್ಟು ಹೊತ್ತು ಎಂದು ಹೇಳಲಾರೆ. ನಾಲ್ಕು ಸೆಕೆಂಡು ಇರಬಹುದು, ಐದು ಇರಬಹುದು. ಒಂದು ಮಾತಿಗೆ ಅಷ್ಟು ಹೊತ್ತು ಸಾಕು. ಮೀಟರು ಇಪ್ಪತ್ತು ಕಡಿಮೆ ತೋರಿಸುತ್ತದೆ, ನಾನೇ ಕಾಯಿಸಿ ನೋಡಿದ್ದೇನೆ. ಅಷ್ಟನ್ನು ಹೇಳಬೇಕಿತ್ತು. ಅವನ ತುಟಿ ಬಿಳಿಚಿಕೊಂಡಿತು. ಕಣ್ಣು ನನ್ನ ಮೇಲೇ ಇತ್ತು. ಒಲೆಯ ಮೇಲೆ ಹಾಲು ಉಕ್ಕಿ ಸೀದಂಥ ವಾಸನೆ ಬಂತು. ಸ್ನೇಹಿತರಲ್ಲೊಬ್ಬ, "ಏಯ್, ತೆಗೀರಿ ಸಾಕು," ಎಂದು ಅವನ ಭುಜ ಹಿಡಿದು ಎಳೆದ. ಕೈ ಬಂತು. ಅಂಗೈಯ ಚರ್ಮ ಪೂರ್ತಿ ಬರಲಿಲ್ಲ.

"ನೂರ ಮೂವತ್ತು," ಎಂದ ಭಾವ. ಆಮೇಲೆ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಹೋಟೆಲಿನ ಹೆಂಗಸು ಬಿಂದಿಗೆ ತಂದು ಕೈಮೇಲೆ ನೀರು ಸುರಿದಳು. ಅವಳೊಬ್ಬಳೇ ಬೈದವಳು. "ಗಂಡಸ್ರೇನ್ರಪ್ಪ ನೀವು," ಎಂದಳು, ಯಾರಿಗೆಂದು ಬಿಡಿಸಿ ಹೇಳದೆ.

ಧನಂಜಯಣ್ಣ ಇಂಜಿನ್ನಿನ ಮುಚ್ಚಳ ಇಳಿಸಿದ. ಅವನ ಮುಖದಲ್ಲಿ ನಾಚಿಕೆ ಬಂದು ಹೋಗಿದ್ದನ್ನು ನಾನು ನೋಡಿದೆ, ಅದು ಹೋದ ಜಾಗಕ್ಕೆ ಮೊಂಡುತನ ಬಂತು. "ತಲೆ ಕೆಟ್ಟವ್ನು. ತಮಾಷೆಗಂದ್ರೆ ಇಟ್ಟೇಬುಡೋದಾ," ಎಂದ. ಸಂಜೆಯವರೆಗೆ ಕೂತಿರುವ ಮಾತನ್ನು ಮರೆತು, ಭಾವನನ್ನು ಜೀಪಿನಲ್ಲಿ ನಾಗಮಂಗಲದ ಆಸ್ಪತ್ರೆಗೆ ಕಳಿಸಿ, ನನ್ನನ್ನು ಪಕ್ಕದ ಸೀಟಿಗೆ ಕರೆದ. "ನೀನು ಬಾ. ಮೀಟರ್ ನೋಡ್ಕಂಡು ಯೋಳು."

ನಾನು ಹೋಗಿ ಕೂತೆ. ಭಾವನ ಜೊತೆ ಜೀಪು ಹತ್ತಲಿಲ್ಲ. ಇದನ್ನೇ ನಾನು ಯಾರಿಗೂ ಹೇಳದೆ ಬಿಟ್ಟಿದ್ದು.

ಮುಳ್ಳು ನೂರಹದಿನೈದಕ್ಕೆ ಬಂತು. ಒಳಗೆ ಎಷ್ಟಿದೆಯೆಂದು ನನಗೆ ಗೊತ್ತಿತ್ತು. "ಎಷ್ಟದೆ?" ಎಂದು ಅವನು ಕೇಳಿದ, "ನೂರಹದ್ನೈದು," ಎಂದೆ. ನಾಗಮಂಗಲ ಕಾಣುವ ಮೊದಲೇ ಹಿಂದಿನಿಂದ ಸುತ್ತಿಗೆ ಬಡಿದಂಥ ಸದ್ದು ಶುರುವಾಯಿತು. ಎಣ್ಣೆಯ ಒತ್ತಡ ಇಳಿದರೆ ಹತ್ತುವ ಕೆಂಪು ದೀಪ ಹತ್ತಿತು. ಅವನು ಕಾಲು ತೆಗೆಯುವಷ್ಟರಲ್ಲಿ ಇಂಜಿನ್ನು ಒಂದು ಸಲ ಕಿರುಚಿ ಕಚ್ಚಿಕೊಂಡು ನಿಂತುಬಿಟ್ಟಿತು.

ಊರಿನಲ್ಲಿ ಧನಂಜಯಣ್ಣ ಹೇಳಿಕೊಂಡು ಬಂದದ್ದು ಹೀಗೆ: ಭದ್ರಾಚಾರಿ ಟ್ರಾಕ್ಟರ್ ಟ್ಯೂಬು ಕತ್ತರಿಸಿ ಹಾಕಿ ಗಾಳಿ ಕಟ್ಟಿಬಿಟ್ಟ, ಇಂಜಿನ್ನು ಹಾಳು ಮಾಡಿದ, ಕೊನೆಗೆ ತಪ್ಪಿಸಿಕೊಳ್ಳಲು ಕೈ ಸುಟ್ಟುಕೊಂಡು ನಾಟಕ ಆಡಿದ. ನನ್ನ ಎದುರೇ ಹೇಳಿದ. ನಾನು ನೆಲ ನೋಡುತ್ತಾ ನಿಂತಿದ್ದೆ. ಇಂಜಿನ್ನು ಬಿಚ್ಚಿ ಕಟ್ಟುವ ಕೆಲಸ ನನಗೆ ಬಂತು. ಬೇರಿಂಗುಗಳು ತಗಡಿನಂತೆ ಮಡಿಚಿಕೊಂಡಿದ್ದವು. ಎಲ್ಲವನ್ನೂ ಹೊಸದಾಗಿ ಕೂರಿಸಿದೆ. ಸರಿಯಾದ ಸೆನ್ಸರು ಅಷ್ಟರಲ್ಲಿ ಬಂದಿತ್ತು, ಅದನ್ನೂ ಹಾಕಿದೆ. ಹಳೆಯದನ್ನು ಕಾಲುವೆಗೆ ಎಸೆದೆ.

ಭಾವನ ಕೈಗೆ ಮೈಸೂರಿನಲ್ಲಿ ತೊಡೆಯ ಚರ್ಮ ತೆಗೆದು ಹೊಲಿದರು. ಡಾಕ್ಟರುಗಳು ಕೈ ಉಳಿಸಿದರು. ಆದರೆ ಬೆರಳುಗಳು ಒಳಕ್ಕೆ ಮಡಿಚಿಕೊಂಡು ನಿಂತವು, ನೆಟ್ಟಗಾಗಲಿಲ್ಲ. ನಡುಬೆರಳಿನ ತುದಿಗೆ ಬಿಸಿಯೂ ಗೊತ್ತಾಗದು, ತಣ್ಣಗೂ ಗೊತ್ತಾಗದು. ಗ್ಯಾರೇಜಿನ ಬಾಗಿಲು ಮುಚ್ಚಿತು.

ಜೂನಿನಲ್ಲಿ ಮಳೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಹೋದೆ. ಅದುವರೆಗೆ ಹೋಗಲು ಧೈರ್ಯ ಬಂದಿರಲಿಲ್ಲ. ಅಕ್ಕ ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಎಡಗೈ ಇನ್ನೂ ರೂಢಿಯಾಗಿರಲಿಲ್ಲ. ನನ್ನನ್ನು ಕಂಡು ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಾನು ಜಗಲಿಯ ತುದಿಯಲ್ಲಿ ಕೂತೆ.

"ಇಂಜಿನ್ ಕಟ್ಟಿದ್ಯಂತೆ," ಎಂದ ಭಾವ.

"ಕಟ್ಟಿದೆ."

"ಎಷ್ಟರಲ್ಲಿ ನಿಂತದೆ ಬಿಸಿ?"

"ನೂರು ದಾಟಕ್ಕಿಲ್ಲ ಈಗ."

ತಲೆಯಾಡಿಸಿದ. ಅವನ ಮುಖದಲ್ಲಿ ನಿಜವಾದ ಸಮಾಧಾನ ಕಾಣಿಸಿತು, ಅದನ್ನು ನೋಡುವುದೇ ಕಷ್ಟವಾಯಿತು. ನಾನು ಹೇಳಲು ಬಂದದ್ದನ್ನು ಹೇಳಲು ಶುರು ಮಾಡಿದೆ. "ಭಾವ, ಆ ಮೀಟರು..."

"ಗೊತ್ತು ಬುಡು," ಎಂದ. "ಆ ಸೆನ್ಸರು ಬೇರೆ ಗಾಡಿದು ಅಂತ ನೋಡ್ದೇಟ್ಗೇ ಗೊತ್ತಾಯ್ತು. ನೀನು ಕಾಯ್ಸಿ ನೋಡಿರ್ತೀಯ ಅಂತನೂ ಗೊತ್ತಿತ್ತು. ನೋಡ್ದೆ ಇರೋನಲ್ಲ ನೀನು, ನಾನೇ ಕಲ್ಸಿದ್ದಲ್ವಾ."

"ಮತ್ಯಾಕೆ ಕೈ ಇಟ್ಟೆ?"

ಮಳೆ ಜೋರಾಗಿತ್ತು. ಅವನು ಮಡಿಚಿದ ಕೈಯನ್ನು ಎಡಗೈಯಿಂದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ.

"ಇಟ್ಟಿದ್ದು ಗೌಡ್ರಿಗೋಸ್ಕರ ಅಲ್ಲ ಕಣ್ಲಾ. ಇಟ್ಟ ತಕ್ಷಣ ನೀನು ಬಾಯಿ ಬುಡ್ತೀಯ ಅಂದ್ಕಂಡೆ. ಬುಡ್ಲಿಲ್ಲ. ಈಗ ಬುಡ್ತಾನೆ, ಈಗ ಬುಡ್ತಾನೆ ಅಂತ ಅಷ್ಟೊತ್ತು ಕಾದೆ."

ಒಳಗೆ ಅಕ್ಕ ತಟ್ಟೆ ತೊಳೆಯುವ ಸದ್ದು ನಿಂತಿತ್ತು. ಅವಳು ಕೇಳಿಸಿಕೊಂಡಳೆಂದು ನನಗೆ ಗೊತ್ತಾಯಿತು. ಅಂದಿನಿಂದ ಇಂದಿನವರೆಗೆ ಅವಳು ನನ್ನ ಜೊತೆ ಮಾತಾಡಿಲ್ಲ.

ಭಾವ ಮಾತು ಬಿಡಲಿಲ್ಲ. ಅವನು ಈಗ ಶ್ರೀರಂಗಪಟ್ಟಣದ ಪೇಟೆಯಲ್ಲಿ ಸಂಬಂಧಿಕರ ಹಾರ್ಡ್‌ವೇರ್ ಅಂಗಡಿಯಲ್ಲಿ ಕೂರುತ್ತಾನೆ, ಎಡಗೈಯಲ್ಲಿ ಮೊಳೆ ತೂಗಿ ಕೊಡುತ್ತಾನೆ. ಹಳೇ ಕಾರುಗಳ ಶೋಕಿಯವರು ಹೆದ್ದಾರಿಯಲ್ಲಿ ಹೋಗುವಾಗ ಬಿಸಿ ಏರಿತೆಂದು ಹೆದರಿ ಅವನ ಹಳೆಯ ಹೆಸರು ಹಿಡಿದು ಹುಡುಕಿಕೊಂಡು ಬಂದರೆ, ಅವನು ಎಲ್ಲರನ್ನೂ ನನ್ನ ಹತ್ತಿರ ಕಳಿಸುತ್ತಾನೆ. ನನ್ನ ಅಂಗಡಿ ಬೆಳೆದದ್ದು ಹಾಗೆ. ಈಗ ಎರಡು ಶೆಡ್ಡು, ಆರು ಜನ ಕೆಲಸಗಾರರು. ಮೊನ್ನೆಯೂ ಬೆಂಗಳೂರಿನವರೊಬ್ಬರು ಅಂಥದೇ ಗಾಳಿ ಇಂಜಿನ್ನಿನ ಕಾರು ತಂದು ನಿಲ್ಲಿಸಿದರು. ವಯಸ್ಸಾದವರು, ವಿನಯದ ಮನುಷ್ಯ.

"ನಿಮ್ಮ ಭಾವನವರು ಕಳಿಸಿದರು," ಎಂದರು. "ಎಣ್ಣೆ ಎಷ್ಟು ಕಾದಿದೆ ಅಂತ ಇದ್ದದ್ದು ಇದ್ದ ಹಾಗೆ ಹೇಳುವವನು ಈ ಸೀಮೆಯಲ್ಲಿ ನನ್ನ ಬಾಮೈದ ಒಬ್ಬನೇ ಅಂದರು."

ಏಳು ವರ್ಷದಿಂದ ಬರುವವರೆಲ್ಲ ಇದೇ ಮಾತನ್ನು ಹೊತ್ತು ತರುತ್ತಾರೆ, ಒಂದಕ್ಷರವೂ ಬದಲಾಗಿಲ್ಲ. ನಾನು ಅವರಿಗೆ ಕುರ್ಚಿ ಹಾಕಿಸಿ, ಟೀ ತರಿಸಿ, ಮುಚ್ಚಳ ಎತ್ತಿದೆ.